ಋಣಭಾರ ಪತ್ರ ಹೇಳದ ಸಂಗತಿಗಳು

ಬೆಂಗಳೂರಿನ ಹೊರವಲಯದಲ್ಲಿ ನಿವೇಶನಕ್ಕೋ ಜಮೀನಿಗೋ ಹಣ ಹೂಡುವವರು ಅತಿಯಾಗಿ ನಂಬುವ ದಾಖಲೆಯೆಂದರೆ ಋಣಭಾರ ಪ್ರಮಾಣಪತ್ರ, ಅಂದರೆ ಜನ ಇ.ಸಿ. ಎಂದು ಕರೆಯುವ, ಆ ಸ್ವತ್ತಿನ ಬಗ್ಗೆ ಉಪನೋಂದಣಿ ಕಚೇರಿಯಲ್ಲಿ ದಾಖಲಾದ ವ್ಯವಹಾರಗಳ ಪಟ್ಟಿ. ನೋಂದಣಿಯಾಗದ ಕ್ರಯದ ಕರಾರು, ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿರುವ ವಿಭಾಗದ ದಾವೆ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ಅವನ್ನು ಹುಡುಕಿ ತೆಗೆಯುವುದೇ ವಕೀಲರ ಕೆಲಸವಾದ್ದರಿಂದ, ಮುಂಗಡ ಕೊಟ್ಟ ಮೇಲೆ ಅವರ ಬಳಿಗೆ ಹೋಗುವ ರೂಢಿ ತಲೆಕೆಳಗಾದುದು. ಬ್ಯಾಂಕಿನ ವಕೀಲರು ನೋಡಿದ್ದಾರೆಂಬ ಸಮಾಧಾನವೂ ಸಾಲದು, ಅವರು ಕಾಯುವುದು ಸಾಲ ಕೊಟ್ಟವರ ಹಿತವನ್ನು.

ಅನುಭವಿ ವಕೀಲರು ಮೊದಲು ಕೇಳುವುದು ಮೂಲಪತ್ರವನ್ನು, ಎಂದರೆ ಸ್ವತ್ತು ಮೊತ್ತಮೊದಲು ಯಾರಿಗೆ, ಹೇಗೆ ಬಂತೆಂಬ ದಾಖಲೆಯನ್ನು. ಅದು ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, ಪಿ.ಟಿ.ಸಿ.ಎಲ್. ಎಂದು ಹೆಸರಾದ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದ ಪರಭಾರೆ ಅಸಿಂಧು. ಎಷ್ಟು ಕೈ ಬದಲಾಗಿದ್ದರೂ ಉಪವಿಭಾಗಾಧಿಕಾರಿ ಅದನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ತೀರ ತಡವಾಗಿ ಬಂದ ಅರ್ಜಿಗಳನ್ನು ನ್ಯಾಯಾಲಯಗಳು ತಳ್ಳಿಹಾಕತೊಡಗಿದಾಗ, ಕಾಲಮಿತಿಯ ನಿಯಮ ಇಲ್ಲಿಗೆ ಅನ್ವಯಿಸದೆಂದು ಶಾಸಕಾಂಗ 2023ರಲ್ಲಿ ತಿದ್ದುಪಡಿ ತಂದಿತು. ಅದರ ವ್ಯಾಪ್ತಿಯ ಬಗ್ಗೆ ವಾದ ನಿಂತಿಲ್ಲವಾದರೂ, ಭೂಮಿ ಕಳೆದುಕೊಂಡ ಕುಟುಂಬಗಳ ದೃಷ್ಟಿಯಿಂದ ಅದು ನ್ಯಾಯವೇ.

ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ ತೊಡಕು ಬೇರೆ ಬಗೆಯದು. ತಂದೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಗೆ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ ಮೇಲೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸಿದ ವಂಶವೃಕ್ಷ ಖರೀದಿದಾರನ ಪಾಲಿಗೆ ಅಪಾಯದ ಕಾಗದವೇ ಸರಿ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗಪತ್ರವಿದ್ದರೆ ಮಾತು ಬೇರೆ.

ತೆರಿಗೆ ಲೆಕ್ಕಿಗರ ಸಲಹೆಯಲ್ಲಿ ಕೊಳ್ಳುವವನು ಮರೆಯಬಾರದ ಒಂದಂಶವಿದೆ: ಬೆಲೆ 50 ಲಕ್ಷ ರೂಪಾಯಿ ಮುಟ್ಟಿದರೆ, ಗ್ರಾಮೀಣ ಕೃಷಿಭೂಮಿಯನ್ನು ಬಿಟ್ಟು, ಶೇಕಡ 1ರಷ್ಟನ್ನು ಮಾರುವವನ ಹಣದಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವನದೇ.

ಕಾಗದ ಸರಿಯಿದ್ದರೂ ನೆಲ ಸರಿಯಿರಬೇಕೆಂದಿಲ್ಲ. ಪರವಾನಗಿ ಪಡೆದ ಭೂಮಾಪಕರು ಪಹಣಿಯ ವಿಸ್ತೀರ್ಣವನ್ನು ಆಕಾರಬಂದ್, ಟಿಪ್ಪಣಿ ಎಂಬ ಭೂಮಾಪನ ದಾಖಲೆಗಳಿಗೆ ಮತ್ತು ಗ್ರಾಮನಕ್ಷೆಗೆ ತಾಳೆ ನೋಡಿ ಚಕ್ಕುಬಂದಿಯನ್ನು ಸ್ಥಳದಲ್ಲಿ ಗುರುತಿಸಿದಾಗ, ಕೊಳ್ಳುವ ಭೂಮಿಯಲ್ಲಿ ಎಷ್ಟು ಭಾಗ ಬಿ ಖರಾಬು, ಎಂದರೆ ಹಳ್ಳ, ಬಂಡಿದಾರಿ ಮುಂತಾದ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ, ಎಂಬುದು ತಿಳಿಯುತ್ತದೆ. ಬೇಲಿಯೊಳಗೆ ಸೇರಿಸಿಕೊಂಡರೂ ಅದನ್ನು ಮಾರುವ ಹಕ್ಕು ಜಮೀನಿನ ಒಡೆಯನಿಗಿಲ್ಲ.