ನೆಟ್ಟಗಾದ ಮಾತ್ರಕ್ಕೆ ಮಂಡಿ ಗೆದ್ದೀತೇ?

ಕಳಸ, ಹೊರನಾಡಿನ ಕಡೆ ಮಂಡಿ ಬದಲಿಸಿಕೊಂಡು ಬಂದವರನ್ನು ನೋಡಲು ಹೋದ ನೆಂಟರು ಮೊದಲು ಆಡುವ ಮಾತು: ‘ಕಾಲು ಎಷ್ಟು ನೆಟ್ಟಗಾಗಿದೆ!’ ವೈದ್ಯರಲ್ಲೂ ದಶಕಗಳಿಂದ ಬೇರೂರಿದ ನಂಬಿಕೆ ಇದೇ. ಸೊಂಟದ ಕೀಲಿನ ನಡುವಿನಿಂದ ಪಾದದ ಕೀಲಿನ ನಡುವಿಗೆ ಎಳೆದ ಗೆರೆ ಮಂಡಿಯ ನಟ್ಟನಡುವೆ ಹಾಯಬೇಕು. 3 ಡಿಗ್ರಿ ಆಚೀಚೆಯಾದರೆ ಸರಿ, ಅದಕ್ಕಿಂತ ಹೆಚ್ಚಾದರೆ ತಪ್ಪು. ಈ ಒಂದೇ ಅಳತೆಯನ್ನು ಎಲ್ಲರ ಕಾಲಿಗೂ ಹೊಂದಿಸುವುದನ್ನು ನಾನು ಒಪ್ಪುವುದಿಲ್ಲ.

ಆ ಗೆರೆ ಸುಮ್ಮನೆ ಹುಟ್ಟಿದ್ದಲ್ಲ, ನಿಜ. ಕಾಲು ಬಿಲ್ಲಿನಂತೆ ಬಾಗಿದರೆ ಭಾರ ಮಂಡಿಯ ಒಳಬದಿಗೆ ಬಿದ್ದು, ಕೃತಕ ಮಂಡಿಯ ಪ್ಲಾಸ್ಟಿಕ್ ಅಲ್ಲಿ ಸವೆದು, ಕೂರಿಸಿದ ತಟ್ಟೆ ಸಡಿಲವಾಗುತ್ತದೆಂಬ ಹೆದರಿಕೆ ಅದರ ಹಿಂದಿದೆ. ಆದರೆ ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಬದಲಿಸಿದ 398 ಮಂಡಿಗಳ 15 ವರ್ಷದ ಬಾಳಿಕೆ ನೋಡಿ 2010ರಲ್ಲಿ ವರದಿ ಮಾಡಿದಾಗ, 3 ಡಿಗ್ರಿಯೊಳಗಿನವು ಹೊರಗಿನವಕ್ಕಿಂತ ಹೆಚ್ಚು ಬಾಳಿರಲಿಲ್ಲ. 2012ರಲ್ಲಿ ಬೆಲ್ಜಿಯಂನ ಬೆಲ್ಲೆಮನ್ಸ್ ಮತ್ತು ಸಂಗಡಿಗರು ನೋವಿಲ್ಲದ 250 ಯುವಜನರ ಕಾಲು ಅಳೆದರು: ಗಂಡಸರಲ್ಲಿ ಶೇ. 32, ಹೆಂಗಸರಲ್ಲಿ ಶೇ. 17 ಮಂದಿಗೆ 3 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಬಾಗು ಸಹಜವಾಗಿಯೇ ಇತ್ತು. ಅಂಥವರ ಕಾಲನ್ನು ನೇರ ಮಾಡಲು ಒಳಬದಿಯ ಲಿಗಮೆಂಟ್ ಸಡಿಲಿಸಬೇಕಾಗಬಹುದು. ಎಕ್ಸ್‌-ರೇ ಚೆಂದ ಬರುತ್ತದೆ, ಕಾಲು ಮಾತ್ರ ತನ್ನದೆನಿಸದೆ ಹೋಗಬಹುದು.

ಕಾಫಿ ಕೊಯ್ಲಿನ ಹೊತ್ತಿನಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಧರೆ ಇಳಿಯುವ ಹೆಂಗಸನ್ನು ಗಮನಿಸಿ. ಮುಂದಿನ ಪಾದ ಇಬ್ಬನಿಗೆ ನೆನೆದ ತರಗೆಲೆಯ ಕೆಳಗೆ ಗಟ್ಟಿ ನೆಲ ಹುಡುಕುವಷ್ಟು ಹೊತ್ತೂ ಹಿಂದಿನ ಮಂಡಿ ಬಾಗುತ್ತಾ ಬಾಗುತ್ತಾ ಇಡೀ ಮೈಭಾರ ತಡೆಯುತ್ತದೆ. ಮಂಡಿಗೆ ನಿಜವಾದ ಪರೀಕ್ಷೆ ಅದು. ಕಾಲು ಚಾಚಿ ನಿಲ್ಲಿಸಿ ತೆಗೆದ ಚಿತ್ರದಲ್ಲಿ ಬಾಗಿದ ಮಂಡಿಯ ಬಿಗಿ, ಸಡಿಲ ಯಾವುದೂ ಕಾಣದು. ಆಪರೇಷನ್ನಿಗೆ ರೋಬೋಟ್ ಬಂದರೂ ಯಾವ ಕೋನ ಸರಿ ಎಂಬುದು ಬಗೆಹರಿಯದು. ಹೇಳಿದ ಕೋನಕ್ಕೆ ಅದು ಮೂಳೆಯನ್ನು ಕರಾರುವಾಕ್ಕಾಗಿ ಕತ್ತರಿಸುತ್ತದೆ, ಕೋನ ಹೇಳಬೇಕಾದವರು ವೈದ್ಯರೇ.

ಹಾಗೆಂದು ಸವೆದು ಸೊಟ್ಟಗಾದ ಕಾಲನ್ನು ಹಾಗೆಯೇ ಬಿಡಿ ಎನ್ನುತ್ತಿಲ್ಲ. ಸವೆತದಿಂದ ಬಂದ ಬಾಗನ್ನು ತಿದ್ದಲೇಬೇಕು, ಸಹಜವಾಗಿಯೇ ಇದ್ದ ಅಲ್ಪ ಬಾಗಿನ ಮಾತು ಬೇರೆ. ಇವೆರಡನ್ನೂ ಬೇರ್ಪಡಿಸಿ ನೋಡಲು ಸೊಂಟದಿಂದ ಪಾದದವರೆಗಿನ ಪೂರ್ತಿ ಎಕ್ಸ್‌-ರೇ ಬೇಕು, ಮಂಡಿಯಷ್ಟರದ್ದು ಸಾಲದು. ಅಮ್ಮನನ್ನು ಕರೆದುಕೊಂಡು ಮಂಗಳೂರಿಗೋ ಮಣಿಪಾಲಕ್ಕೋ ಹೋಗುವ ಮಕ್ಕಳು ಅದನ್ನು ತೆಗೆಸಿ, ‘ಇವರ ಕಾಲು ಮೊದಲು ಹೇಗಿತ್ತು, ಒಳಬದಿಯ ಲಿಗಮೆಂಟ್ ಎಷ್ಟು ಸಡಿಲಿಸುತ್ತೀರಿ?’ ಎಂದು ಆಪರೇಷನ್ನಿಗೆ ಮೊದಲೇ ಕೇಳಲಿ.