ರವಿವರ್ಮನ ಮೇನಕೆ

ತಂಬೂರ, ದೇವಿಕೊಪ್ಪ, ಕಲಘಟಗಿ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಕಟ್ಟು ಹಾಕಿಸಿದ ದೇವರ ಪಟಗಳನ್ನು ಕಾಣಬಹುದು. ಲಕ್ಷ್ಮಿ, ಸರಸ್ವತಿಯರ ಮುಖ ಹೀಗೇ ಇರಬೇಕೆಂದು ನಮ್ಮ ಕಣ್ಣಿಗೆ ರೂಢಿ ಮಾಡಿಸಿದವನು ರಾಜಾ ರವಿವರ್ಮ (1848–1906). ಗುಡಿಯ ಹೊಸ್ತಿಲು ದಾಟಲು ಅವಕಾಶವಿಲ್ಲದವರ ಗೋಡೆಗೂ ಅಚ್ಚಿನ ಪಟವಾಗಿ ದೇವರು ಬಂದ. ಆ ಉಪಕಾರ ದೊಡ್ಡದು. ನನ್ನ ತಕರಾರಿರುವುದು ಅವನ ಅಪ್ಸರೆಯರ ಬಗ್ಗೆ.

1894ರಲ್ಲಿ ಮುಂಬಯಿಯಲ್ಲಿ ಅವನು ತೆರೆದ ಮುದ್ರಣಾಲಯದಿಂದ ಮೊದಲು ಹೊರಬಂದ ಚಿತ್ರ 'ಶಕುಂತಲಾ ಜನನ'. ಸೀರೆಯುಟ್ಟ ಮೇನಕೆ ಹಸುಗೂಸನ್ನು ಹಿಡಿದು ನಿಂತಿದ್ದಾಳೆ; ವಿಶ್ವಾಮಿತ್ರ ಕೈಯೆತ್ತಿ ಮುಖ ತಿರುಗಿಸಿದ್ದಾನೆ. ಕಲಘಟಗಿಯೆಂದರೆ ತೊಟ್ಟಿಲಿನ ಊರು. ಕೂಸು ಮಲಗುವ ಕಟ್ಟಿಗೆಯ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ ಬರೆಯುವ ಈ ಸೀಮೆಯಲ್ಲಿ ಆ ಚಿತ್ರ ಕರುಳಿಗೆ ತಾಗದೇ ಇರದು.

ಆದರೆ ವ್ಯಾಸರ ಆದಿಪರ್ವದಲ್ಲಿ ಈ ದೃಶ್ಯವೇ ಇಲ್ಲ. ಅಲ್ಲಿ ಮೇನಕೆ ಋಷಿಯ ಸಿಟ್ಟಿಗೆ ಅಂಜುತ್ತಾಳೆ, ಅಂಜಿಕೆಯನ್ನು ಇಂದ್ರನೆದುರು ಬಾಯಿಬಿಟ್ಟು ಹೇಳುತ್ತಾಳೆ, ಗಾಳಿಯೂ ಮನ್ಮಥನೂ ತನಗೆ ನೆರವಾಗಬೇಕೆಂದು ಕೇಳುತ್ತಾಳೆ. ಹೆತ್ತ ಕೂಸನ್ನು ಮಾಲಿನಿ ನದಿಯ ದಡದಲ್ಲಿಟ್ಟು ಇಂದ್ರಸಭೆಗೆ ಮರಳುತ್ತಾಳೆ. ವಿಶ್ವಾಮಿತ್ರನ ಮುಂದೆ ಸೆರಗೊಡ್ಡುವುದಿಲ್ಲ. ಅವಳನ್ನು ಮೆಚ್ಚುವುದು ಸುಲಭವಲ್ಲ, ಮರೆಯುವುದಂತೂ ಆಗದು. ರವಿವರ್ಮ ಇವಳನ್ನು ಗಂಡ ಕೈಬಿಟ್ಟ ಗೃಹಿಣಿಯಾಗಿಸಿದ. ನೋಡುವವರ ಕನಿಕರ ಸಿಕ್ಕಿತು. ಲೆಕ್ಕ ಹಾಕಿ ಮಾತಾಡುತ್ತಿದ್ದ ಆ ಹೆಣ್ಣು ಕಾಣೆಯಾದಳು.

ಇದು ಅವನೊಬ್ಬನ ದೋಷವಲ್ಲ. ಹೆಣ್ಣನ್ನು ಪೂಜೆಗೋ ಕನಿಕರಕ್ಕೋ ಹೊಂದಿಸಿ ಬರೆಯುವುದು ಆ ಕಾಲದ ಅಭಿರುಚಿ. ಅಮೆರಿಕದ ಚಿತ್ರಕಾರ ಅಬ್ಬಟ್ ಥೇಯರ್ 1887ರಲ್ಲಿ ತನ್ನ ಮಗಳು ಮೇರಿಗೇ ಬಿಳಿ ರೆಕ್ಕೆ ಹಚ್ಚಿ 'ಏಂಜಲ್' ಎಂದು ಕರೆದ.

ನಮ್ಮಲ್ಲಿ ಬೇರೆ ದಾರಿ ಇತ್ತು ಎಂಬುದೇ ನನ್ನ ಸಂಕಟ. ಬೀದರ್ ಜಿಲ್ಲೆಯ ಜಲಸಂಗ್ವಿಯಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದ ಗುಡಿಯ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಶಾಸನ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯೇ, ನಿಜ. ಆದರೂ ಅಕ್ಷರ ಬಲ್ಲವಳು ಅವಳು. ಮೈಯ ಬಾಗು, ಒಡವೆ, ಯೌವನ ಯಾವುದರಲ್ಲೂ ಶಿಲ್ಪಿ ಕಡಿಮೆ ಮಾಡಿಲ್ಲ. ಅಷ್ಟು ಚೆಲುವೆಗೆ ಮಾಡಲು ಒಂದು ಕೆಲಸವನ್ನೂ ಕೊಟ್ಟಿದ್ದಾನೆ. ಜರಿಯ ಹೊಳಪು, ಚರ್ಮದ ನಯ ಎಲ್ಲವೂ ಕೈವಶವಾಗಿದ್ದ ರವಿವರ್ಮನ ಕುಂಚ ಮೇನಕೆಗೆ ಅಂಥದೊಂದನ್ನು ಹುಡುಕಲೇ ಇಲ್ಲ.