ಉಪ್ಪುನೀರಿನ ಹೈಡ್ರೋಜನ್: ಇಲ್ಲದ ತೊಂದರೆಗೆ ದೊಡ್ಡ ಮದ್ದು

ಸಮುದ್ರದ ನೀರನ್ನೇ ನೇರವಾಗಿ ಸೀಳಿ ಹೈಡ್ರೋಜನ್ ತೆಗೆಯುವ ವಿದ್ಯೆಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗೆ ಮೀರಿದ್ದು. 2019ರಲ್ಲಿ ಸ್ಟ್ಯಾನ್‌ಫರ್ಡ್, 2022ರಲ್ಲಿ ಶೆನ್‌ಜೆನ್, 2023ರಲ್ಲಿ ಅಡಿಲೇಡ್: ಪ್ರತಿ ಸಲವೂ ಪತ್ರಿಕೆಗಳ ವಿಜ್ಞಾನ ಪುಟ ಕಡಲನ್ನೇ ಪೆಟ್ರೋಲ್ ಬಂಕ್ ಮಾಡಿ ಕೂರಿಸಿತು. ಮಡಿಕೇರಿಯಲ್ಲಿ ಕೂತು ಓದುವವರಿಗೆ ಇದು ಘಟ್ಟದ ಕೆಳಗಿನವರ ವಿಷಯ ಅನ್ನಿಸಬಹುದು. ಆದರೆ ಪುಷ್ಪಗಿರಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಸರಪಾಡಿಯಲ್ಲಿ ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ನೀರೆತ್ತುತ್ತದೆ. ಹೈಡ್ರೋಜನ್ ಇಲ್ಲದೆ ಇಂದಿನ ದೊಡ್ಡ ಸಂಸ್ಕರಣಾಗಾರಗಳು ನಡೆಯವು. ಹಾಗಾಗಿ ಕೊಡಗಿನ ಮಳೆ ಈ ವ್ಯವಹಾರದಲ್ಲಿ ಆಗಲೇ ಪಾಲುದಾರ.

ನೀರಿಗೆ ವಿದ್ಯುತ್ ಹಾಯಿಸುವ ಪಾಠ ಹೈಸ್ಕೂಲಿನದು, ಅದನ್ನು ಬಿಡೋಣ. ಈ ಕೀರ್ತಿಯ ಶಿಖರ ಎನ್ನಿಸಿಕೊಂಡ ಒಂದೇ ಪ್ರಯೋಗವನ್ನು ಹಿಡಿದು ನೋಡೋಣ.

2022ರ ನವೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಶೆ ಹೆಪಿಂಗ್ ತಂಡದ ಪ್ರಬಂಧ ಅದು. ಶೆನ್‌ಜೆನ್ ಕೊಲ್ಲಿಯ ನೀರಿನಲ್ಲಿ ಯಂತ್ರ 3,200 ಗಂಟೆಗೂ ಹೆಚ್ಚು ಕಾಲ ಕೆಡದೆ ಓಡಿತು. ಗಂಟೆಗೆ 386 ಲೀಟರ್ ಹೈಡ್ರೋಜನ್ ಕೊಟ್ಟಿತು. ಇದರ ಗುಟ್ಟು ಒಂದು ಪೊರೆಯಲ್ಲಿದೆ. ಪೊರೆಯ ಒಂದು ಬದಿ ಸಮುದ್ರದ ನೀರು, ಇನ್ನೊಂದು ಬದಿ ಗಟ್ಟಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ. ನೀರನ್ನು ಹತ್ತಿರ ಸೇರಿಸದ ಈ ಪೊರೆ ಆವಿಯನ್ನು ಮಾತ್ರ ಬಿಡುತ್ತದೆ. ಒಳಗಿನ ದ್ರಾವಣಕ್ಕೆ ತೇವದ ಹಸಿವು. ಆಚೆಯಿಂದ ಆವಿಯನ್ನು ಎಳೆದುಕೊಂಡು ನೀರಾಗಿಸಿಕೊಳ್ಳುತ್ತದೆ. ವಿದ್ಯುತ್ ಸೀಳುವುದು ಈ ನೀರನ್ನು. ಅಂದರೆ ಉಪ್ಪು ಎಲೆಕ್ಟ್ರೋಡನ್ನು ಮುಟ್ಟುವುದೇ ಇಲ್ಲ. ಯಂತ್ರದ ಹೊಟ್ಟೆಯಲ್ಲೇ ನಡೆಯುವ ಸದ್ದಿಲ್ಲದ ಬಟ್ಟಿ ಇಳಿಸುವಿಕೆ ಇದು. ಉಪಾಯ ಸೊಗಸಾಗಿದೆ, ಸಂಶಯವಿಲ್ಲ. ಆದರೆ ಸಮುದ್ರದ ನೀರನ್ನು ಶುದ್ಧ ಮಾಡದೆ ಬಳಸಿದರೆಂದು ಹೊಗಳುವವರು ಒಂದಂಶವನ್ನು ದಾಟಿ ಹೋಗುತ್ತಾರೆ: ಶುದ್ಧೀಕರಣವನ್ನು ಅವರು ಬಿಟ್ಟಿಲ್ಲ, ಒಳಗೆ ಸಾಗಿಸಿದ್ದಾರೆ.

ಇನ್ನು ಆ ಅಂಕಿಗಳು. 386 ಲೀಟರ್ ಹೈಡ್ರೋಜನ್ನಿನ ತೂಕ ಸುಮಾರು 35 ಗ್ರಾಂ. ಟೊಯೊಟಾ ಮಿರಾಯ್ ಕಾರಿನ 5.6 ಕಿಲೋ ಟ್ಯಾಂಕ್ ತುಂಬಲು ಯಂತ್ರ ಹೆಚ್ಚುಕಡಿಮೆ ವಾರವಿಡೀ ಓಡಬೇಕು. 3,200 ಗಂಟೆ ಎಂದರೆ ನಾಲ್ಕೂವರೆ ತಿಂಗಳು. ಮಾರುಕಟ್ಟೆಯ ಎಲೆಕ್ಟ್ರೋಲೈಜರ್‌ಗಳಿಂದ ನಿರೀಕ್ಷಿಸುವುದು 60,000 ಗಂಟೆಯ ಬಾಳಿಕೆ. ಪ್ರಯೋಗಾಲಯದ ಮಗುವನ್ನು ಕಾರ್ಖಾನೆಯ ತಕ್ಕಡಿಯಲ್ಲಿ ತೂಗಬಾರದು ಎಂಬ ಆಕ್ಷೇಪ ನ್ಯಾಯವೇ. ನನ್ನ ತಕರಾರು ಗಾತ್ರದ್ದಲ್ಲ. ಇಷ್ಟೆಲ್ಲ ಪಾಡುಪಟ್ಟು ಉಳಿಸಿದ್ದೆಷ್ಟು ಎಂಬುದು.

ಒಂದು ಕಿಲೋ ಹೈಡ್ರೋಜನ್ನಿಗೆ ರಸಾಯನಶಾಸ್ತ್ರ ಕೇಳುವುದು 9 ಲೀಟರ್ ನೀರು. ಶುದ್ಧ ಮಾಡುವಾಗ ಹೋಗುವುದು, ತಂಪಾಗಿಸಲು ಬೇಕಾದ್ದು ಸೇರಿಸಿ 20 ಲೀಟರ್ ಹಿಡಿಯೋಣ. ರಿವರ್ಸ್ ಆಸ್ಮೋಸಿಸ್ ವಿಧಾನದಲ್ಲಿ ಸಾವಿರ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡಲು 3ರಿಂದ 4 ಯೂನಿಟ್ ವಿದ್ಯುತ್ ಸಾಕು. ನಮ್ಮ 20 ಲೀಟರಿಗೆ 0.08 ಯೂನಿಟ್. ಅದೇ ನೀರಿನಿಂದ ಒಂದು ಕಿಲೋ ಹೈಡ್ರೋಜನ್ ಬಿಡಿಸಲು 50ರಿಂದ 55 ಯೂನಿಟ್. ಸಿಹಿ ಮಾಡುವ ಖರ್ಚು ಸಾವಿರದಲ್ಲಿ ಎರಡು ಪಾಲೂ ಇಲ್ಲ. ಹಣದಲ್ಲಿ ಹೇಳುವುದಾದರೆ, ಸಾವಿರ ಲೀಟರ್ ಸಿಹಿನೀರಿಗೆ ಧಾರಾಳವಾಗಿ ನೂರು ರೂಪಾಯಿ ಕೊಟ್ಟರೂ ಕಿಲೋಗೆ ತಗಲುವುದು 2 ರೂಪಾಯಿ. ವಿದ್ಯುತ್ತಿಗೆ, ಯೂನಿಟ್ಟಿಗೆ 4 ರೂಪಾಯಿಯಂತೆ, 200 ರೂಪಾಯಿ. ಆ 2 ರೂಪಾಯಿ ಉಳಿಸಲು ಜಗತ್ತಿನ ಒಳ್ಳೊಳ್ಳೆಯ ಪ್ರಯೋಗಾಲಯಗಳು ವರ್ಷಗಟ್ಟಲೆ ದುಡಿಯುತ್ತಿವೆ. 2021ರಲ್ಲೇ ಎನರ್ಜಿ ಅಂಡ್ ಎನ್ವಿರಾನ್‌ಮೆಂಟಲ್ ಸೈನ್ಸ್ ಪತ್ರಿಕೆಯಲ್ಲಿ ಎರಡು ಬೇರೆ ಬೇರೆ ತಂಡಗಳು ಈ ಲೆಕ್ಕ ಹಾಕಿ ತೋರಿಸಿದ್ದವು. ತಲೆಬರಹ ಬರೆಯುವವರು ಅದನ್ನು ಓದಲಿಲ್ಲ, ಅಥವಾ ಓದಿ ಮರೆತರು.

ಪೊರೆಯಿಲ್ಲದೆ ಉಪ್ಪುನೀರನ್ನೇ ಸೀಳಲು ಹೊರಟವರ ಕಷ್ಟ ಬೇರೆ. ಲೀಟರ್ ಸಮುದ್ರದ ನೀರಿನಲ್ಲಿ 19 ಗ್ರಾಂನಷ್ಟು ಕ್ಲೋರೈಡ್ ಇರುತ್ತದೆ. ಆನೋಡಿನಲ್ಲಿ ಆಮ್ಲಜನಕ ಬರಬೇಕಾದ ಕಡೆ ಕ್ಲೋರಿನ್ ನುಗ್ಗಿ ಲೋಹವನ್ನು ತಿನ್ನುತ್ತದೆ. ಕ್ಯಾಥೋಡಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಬಿಸಿನೀರಿನ ಹಂಡೆಯ ತಳದ ಹಾಗೆ ಬಿಳಿ ಪದರ ಕಟ್ಟುತ್ತವೆ. ಇದಕ್ಕೆ ನಮ್ಮ ಕರಾವಳಿಯಲ್ಲೇ ಹಳೆಯ ಸಾಕ್ಷಿಯಿದೆ. ಕಾರವಾರದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ ದಶಕಗಳಿಂದ ಉಪ್ಪಿನ ದ್ರಾವಣಕ್ಕೆ ವಿದ್ಯುತ್ ಹಾಯಿಸುತ್ತ ಬಂದಿದೆ. ಕ್ಲೋರಿನ್, ಕಾಸ್ಟಿಕ್ ಸೋಡಾಗಳ ಜೊತೆ ಹೈಡ್ರೋಜನ್ ಉಪಉತ್ಪನ್ನ. ಕ್ಲೋರಿನ್ ಬೇಕೆಂದೇ ಮಾಡುವ ಈ ಉದ್ಯಮದಲ್ಲೂ ಸಮುದ್ರದ ನೀರನ್ನು ಹಾಗೇ ಸುರಿಯುವುದಿಲ್ಲ. ಉಪ್ಪನ್ನು ಕರಗಿಸಿ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಸೋಸಿ ತೆಗೆದ ಮೇಲಷ್ಟೇ ಸೆಲ್ಲಿಗೆ ಬಿಡುತ್ತಾರೆ. ಈ ದಾರಿಯಲ್ಲಿ ಒಂದು ಕಿಲೋ ಹೈಡ್ರೋಜನ್ನಿನ ಬೆನ್ನಿಗೆ 35 ಕಿಲೋ ಕ್ಲೋರಿನ್ ಬರುತ್ತದೆ. ಇಂಧನದ ಪ್ರಮಾಣದಲ್ಲಿ ಅಷ್ಟು ವಿಷಾನಿಲವನ್ನು ಎಲ್ಲಿಡುತ್ತೀರಿ?

ಇಷ್ಟು ಹೇಳಿದರೆ ಇನ್ನೊಂದು ಗುಂಪು ಖುಷಿಯಾಗುತ್ತದೆ. ಅವರೊಂದಿಗೂ ನನ್ನ ಜಗಳವಿದೆ, ಅದು ಹೆಚ್ಚು ಹಳೆಯದು. ಹಸಿರು ಹೈಡ್ರೋಜನ್ ನದಿಗಳನ್ನು ಕುಡಿದುಬಿಡುತ್ತದೆ, ಕಾವೇರಿಯ ಗತಿಯೇನು ಎಂದು ಹೆದರಿಸುವ ನಮ್ಮ ಪರಿಸರ ವಿಮರ್ಶಕರು ಇವರು. ಸಮುದ್ರದ ನೀರಿನ ಮಹಿಮೆಗೆ ಗಾಳಿ ಹಾಕಿದವರಲ್ಲಿ ಇವರೂ ಸೇರಿದ್ದಾರೆ. ನದಿ ಬತ್ತುತ್ತದೆಂಬ ಭಯವಿದ್ದರೆ ತಾನೇ ಕಡಲಿನ ಆಸೆ ಹುಟ್ಟುವುದು? ಕಾವೇರಿಯ ವಿಷಯದಲ್ಲಿ ಟಿಎಂಸಿ ಬಾಯಿಪಾಠ ಮಾಡಿದ ಜನ ನಾವು, ಆ ಭಾಷೆಯಲ್ಲೇ ನೋಡೋಣ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಕಿಲೋಗೆ 20 ಲೀಟರಿನಂತೆ ಇಡೀ ದೇಶಕ್ಕೆ ಬೇಕಾದ ನೀರು ಮೂರೂವರೆ ಟಿಎಂಸಿ. ನಮ್ಮ ಹಾರಂಗಿಯ ಸಾಮರ್ಥ್ಯ 8.5 ಟಿಎಂಸಿ. ಅರ್ಧ ಹಾರಂಗಿಯೂ ಅಲ್ಲ! 2018ರ ತೀರ್ಪಿನಲ್ಲಿ ಕಾವೇರಿಯಿಂದ ಕರ್ನಾಟಕದ ಪಾಲಿಗೆ ಬಂದದ್ದು 284.75 ಟಿಎಂಸಿ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡರೆ ಈ ಭಯದ ಅಳತೆ ಸಿಗುತ್ತದೆ.

ನೀರು ಎಲ್ಲಿ ಬೇಕೋ ಅಲ್ಲಿ, ಬೇಸಿಗೆಯಲ್ಲಿ, ಇರುವುದಿಲ್ಲವಲ್ಲ ಎಂದು ಅವರು ಕೇಳಬಹುದು. ಸರಿಯಾದ ಪ್ರಶ್ನೆ. 2019ರ ಮೇ ತಿಂಗಳಲ್ಲಿ ನೇತ್ರಾವತಿ ಸೊರಗಿದಾಗ ಎಂಆರ್‌ಪಿಎಲ್ ತನ್ನ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಆದರೆ ಅದಕ್ಕೆ ಸಿಕ್ಕ ಉತ್ತರ ಯಾವ ನೇಚರ್ ಪ್ರಬಂಧದಿಂದಲೂ ಬರಲಿಲ್ಲ. ತಣ್ಣೀರುಬಾವಿಯ ಕಡಲ ತಡಿಯಲ್ಲಿ ದಿನಕ್ಕೆ 3 ಕೋಟಿ ಲೀಟರಿನ ಸಾಮಾನ್ಯ ರಿವರ್ಸ್ ಆಸ್ಮೋಸಿಸ್ ಘಟಕ ಕಟ್ಟಿದರು. ಕವನ ಬರೆಯುವಂಥದ್ದೇನೂ ಅದರಲ್ಲಿಲ್ಲ, ಪಂಪು, ಪೈಪು, ಪೊರೆ. ಈ ನೀರನ್ನೆಲ್ಲ ಹೈಡ್ರೋಜನ್ನಿಗೇ ಬಳಸಿದರೆಂದು ಊಹಿಸಿ: ದಿನಕ್ಕೆ 1,500 ಟನ್, ವರ್ಷಕ್ಕೆ ಐದೂವರೆ ಲಕ್ಷ ಟನ್, ರಾಷ್ಟ್ರದ ಗುರಿಯ ಹತ್ತನೇ ಒಂದಕ್ಕಿಂತ ಹೆಚ್ಚು. ಸಮುದ್ರದಿಂದ ಹೈಡ್ರೋಜನ್ ತೆಗೆಯುವ ವಿದ್ಯೆಯ ಕಷ್ಟದ ಅರ್ಧ ಮಂಗಳೂರಿನಲ್ಲಿ ಮುಗಿದುಹೋಗಿದೆ, ಮತ್ತು ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ತೇಲುವ ಗಾಳಿಯಂತ್ರದ ವೇದಿಕೆಯಲ್ಲಿ, ದಡದಿಂದ ದೂರ, ಪಂಪು ಪೈಪುಗಳ ಗೋಜು ಕಡಿಮೆಯಿದ್ದಷ್ಟೂ ಒಳ್ಳೆಯದು. ಅಂಥ ಕಡೆ ಶೆ ಹೆಪಿಂಗರ ಪೊರೆಗೆ ಜಾಗ ಸಿಗಬಹುದು. ಅಷ್ಟು ಒಪ್ಪುತ್ತೇನೆ.

ಉಳಿದದ್ದು ವಿದ್ಯುತ್ತಿನ ಮಾತು. ತಣ್ಣೀರುಬಾವಿಯ ಆ 1,500 ಟನ್ನಿಗೆ ಹಗಲು ರಾತ್ರಿ 3,000 ಮೆಗಾವಾಟ್‌ಗೂ ಹೆಚ್ಚು ಬೇಕು. ರಾಯಚೂರು ಶಾಖೋತ್ಪನ್ನ ಕೇಂದ್ರದ ಪೂರ್ಣ ಸಾಮರ್ಥ್ಯ 1,720 ಮೆಗಾವಾಟ್. ಇಡೀ ಮಿಷನ್‌ಗೆ 125 ಗಿಗಾವಾಟ್ ನವೀಕರಿಸಬಹುದಾದ ವಿದ್ಯುತ್ ಸಾಮರ್ಥ್ಯ ಬೇಕೆಂದು ಸರ್ಕಾರವೇ ಹೇಳಿದೆ. 2,050 ಮೆಗಾವಾಟಿನ ಪಾವಗಡ ಸೌರ ಪಾರ್ಕಿನಂಥವು 61. 2022ರ ಜೂನ್‌ನಲ್ಲಿ ಆಕ್ಮೆ ಕಂಪನಿ ರಾಜ್ಯ ಸರ್ಕಾರದೊಂದಿಗೆ ಹಸಿರು ಹೈಡ್ರೋಜನ್, ಅಮೋನಿಯಾಕ್ಕಾಗಿ 52,000 ಕೋಟಿ ರೂಪಾಯಿಯ ಒಡಂಬಡಿಕೆ ಮಾಡಿಕೊಂಡಾಗಲೂ ಚರ್ಚೆಯಾಗಬೇಕಿದ್ದದ್ದು ಇದೇ. ದಕ್ಷಿಣ ಕೊಡಗಿನ ತೋಟಗಳ ಮೇಲೆ ಮೈಸೂರು–ಕೋಯಿಕ್ಕೋಡ್ 400 ಕೆವಿ ಮಾರ್ಗ ಎಳೆದಾಗ ಸಾವಿರಾರು ಮರಗಳು ಉರುಳಿದ್ದನ್ನು ಕಂಡವರು ಇಲ್ಲಿದ್ದಾರೆ; ಅದು ಕೇರಳದ ದೀಪಗಳಿಗಾಗಿ, ಆಗ ಹೈಡ್ರೋಜನ್ನಿನ ಸುದ್ದಿಯೇ ಇರಲಿಲ್ಲ. ಪಾವಗಡದ ಬಿಸಿಲನ್ನೋ ಗದಗದ ಗಾಳಿಯನ್ನೋ ಮಂಗಳೂರಿಗೆ ಇಳಿಸಬೇಕಾದರೆ ತಂತಿ ಘಟ್ಟ ದಾಟಲೇಬೇಕು. ಶಿರಾಡಿಯಲ್ಲೋ, ಚಾರ್ಮಾಡಿಯಲ್ಲೋ, ಸಂಪಾಜೆಯಲ್ಲೋ ಎಂಬುದನ್ನು ಕಡಲ ನೀರಿನ ಭಕ್ತರೂ ಹೇಳಿಲ್ಲ, ನದಿ ನೀರಿನ ಕಾವಲುಗಾರರೂ ಕೇಳಿಲ್ಲ.